ಕಿಸೆಗೊಂದು ಚಾಕು, ಊರಿಗೊಂದು ನಿಷೇಧಾಜ್ಞೆ

ನಮ್ಮ ಜಮಖಂಡಿ ಸೀಮೆಯ ಗಂಡಸಿಗೆ ನಾಲ್ಕು ಜನರೆದುರು ಚಾಕು ಹಿಡಿದು ನಿಲ್ಲುವ ಅಧಿಕಾರ ಜೀವಮಾನದಲ್ಲಿ ಒಂದೇ ದಿನ ಸಿಗುತ್ತದೆ. ಅದು ಅವನ ಮದುವೆಯ ದಿನ. ಹಣೆಗೆ ಬಾಸಿಂಗ, ಹೆಗಲಿಗೆ ಶಲ್ಯ, ಕೈಯಲ್ಲೊಂದು ಕಟಾರಿ. ಆ ಕಟಾರಿಯ ತುದಿಗೂ ಹಿರಿಯರು ಮುಂಜಾಗ್ರತೆಯಾಗಿ ಒಂದು ಲಿಂಬೆಹಣ್ಣು ಚುಚ್ಚಿರುತ್ತಾರೆ. ದೃಷ್ಟಿ ತಾಗಬಾರದೆಂದು ಹೇಳುತ್ತಾರೆ. ನಿಜವಾದ ಕಾರಣ ಅವನ ಅವ್ವನಿಗೆ ಗೊತ್ತು: ಇವನ ಕೈಗೆ ಹರಿತವಾದದ್ದು ಕೊಟ್ಟರೆ ಮೊದಲು ಕೊಯ್ದುಕೊಳ್ಳುವುದು ತನ್ನ ಬೆರಳನ್ನೇ. ಅಕ್ಕಿಕಾಳು ಬಿದ್ದ ಮೇಲೆ ಕಟಾರಿ ಕೊಟ್ಟವರ ಮನೆಗೆ ವಾಪಸು ಹೋಗುತ್ತದೆ. ಅಲ್ಲಿಂದ ಮುಂದೆ ಆ ಗಂಡಸು ಬದುಕಿರುವವರೆಗೆ ಶಾಂಪೂ ಚೀಟಿಯನ್ನೂ ಹಲ್ಲಿನಿಂದಲೇ ಹರಿಯುತ್ತಾನೆ.

ಇಂಥ ಗಂಡಸಿನ ಬಗ್ಗೆ ಸರಕಾರಕ್ಕೆ ಮಾತ್ರ ಅಪಾರ ಭಯ. ಗಣಪತಿ ವಿಸರ್ಜನೆ ಇರಲಿ, ಚುನಾವಣೆ ಇರಲಿ, ಕಬ್ಬಿನ ದರದ ಹೋರಾಟ ಇರಲಿ, ಒಂದು ನಿಷೇಧಾಜ್ಞೆ ಹೊರಬೀಳುತ್ತದೆ. 2024ರ ಜುಲೈ 1ರಿಂದ ಅದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು ಎಂದು ಹೊಸ ನಂಬರು ಬಂದಿದೆ. ಜನರ ಬಾಯಲ್ಲಿ ಇಂದಿಗೂ ಒನ್ ಫಾರ್ಟಿಫೋರ್. ಅದರೊಳಗೆ ಹಿಡಿದು ತಿರುಗಬಾರದ ವಸ್ತುಗಳ ಒಂದು ಪಟ್ಟಿ ಇರುತ್ತದೆ. ದೊಣ್ಣೆ, ಕತ್ತಿ, ಈಟಿ, ಗದೆ, ಬಂದೂಕು, ಚೂರಿ, ಚಾಕು. ಪಟ್ಟಿ ಬರೆದ ಪುಣ್ಯಾತ್ಮ ಯಾವ ಕಾಲದವನೋ, ಗದೆಯನ್ನು ಮಾತ್ರ ಮರೆತಿಲ್ಲ. ಕ್ರಿ.ಶ. 949ರಲ್ಲಿ ನಮ್ಮ ಪಕ್ಕದ ಮುಧೋಳದ ನೆಲದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ ಬರೆದು ಸಾವಿರ ವರ್ಷವಾಯಿತು. ಅವನ ಭೀಮ ಇವತ್ತು ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ದುರ್ಯೋಧನನನ್ನು ಹುಡುಕುವ ಮೊದಲು ತಹಶೀಲ್ದಾರರನ್ನು ಹುಡುಕಬೇಕು. ಆದರೆ ಅದೇ ಗದೆಗೆ ಬೆಳ್ಳಿಯ ಮುಲಾಮು ಕೊಟ್ಟು, ವೇದಿಕೆಯ ಮೇಲೆ ಸಾಹೇಬರ ಹೆಗಲಿಗೇರಿಸಿ ಚಪ್ಪಾಳೆ ತಟ್ಟಿದರೆ ಯಾವ ಕಲಮೂ ಬೀಳುವುದಿಲ್ಲ. ಬಂದೋಬಸ್ತಿಗೆ ಬಂದ ಪೊಲೀಸರೇ ಎತ್ತಿಕೊಡಲು ಒಂದು ಕೈ ಹಚ್ಚುತ್ತಾರೆ.

ಕಾಯ್ದೆಯನ್ನೇ ಕೇಳಿದರೆ ಅದು ಇಷ್ಟು ಹೆದರುಪುಕ್ಕಲಲ್ಲ. 1959ರ ಆಯುಧ ಕಾಯ್ದೆಯ ನಿಯಮಗಳು ಹರಿತ ಆಯುಧಗಳ ಸಾಲಿಗೆ ಸೇರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಅದರಲ್ಲೂ ಮನೆಗೆಲಸಕ್ಕೆ, ಒಕ್ಕಲುತನಕ್ಕೆ, ಉದ್ಯೋಗಕ್ಕೆ ಎಂದು ಮಾಡಿದ್ದನ್ನು ಬಿಟ್ಟುಬಿಡುತ್ತವೆ. ಹೀಗಾಗಿ ಕಬ್ಬಿನ ಗ್ಯಾಂಗಿನವರು ಹೆಗಲ ಮೇಲೆ ಕೊಯ್ತಾ ಇಟ್ಟುಕೊಂಡು ಠಾಣೆಯ ಮುಂದೆಯೇ ಸಾಲುಗಟ್ಟಿ ಹಾದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದೇ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಮೂರಿಂಚಿನ ಮಡಚುವ ಚಾಕುವಿನಿಂದ ಪೇರಲಹಣ್ಣು ಹೆಚ್ಚಿಕೊಳ್ಳುವವನನ್ನು ನೋಡಿ. ಸುತ್ತಲಿನ ಮಾತು ನಿಲ್ಲುತ್ತದೆ. ಎದುರಿನ ಅಕ್ಕ ಮಗುವನ್ನು ಹತ್ತಿರ ಎಳೆದುಕೊಳ್ಳುತ್ತಾಳೆ. “ಯಾಂವ ನೀ? ಯಾ ಊರು? ಕಿಸೇದಾಗ ಚಾಕು ಯಾಕ?” ಎಂದು ವಿಚಾರಣೆ ಶುರುವಾಗುತ್ತದೆ. ಪೇರಲಹಣ್ಣಿನ ಸಾಕ್ಷಿ ಯಾರೂ ಕೇಳುವುದಿಲ್ಲ. ಕೊಯ್ತಾ ಹಿಡಿದವನಿಗೆ ಕೆಲಸವಿದೆ ಎಂದು ಎಲ್ಲರಿಗೂ ಗೊತ್ತು. ಚಾಕುವಿಗೂ ಒಂದು ಕೆಲಸವಿತ್ತು ಎಂಬುದೇ ಊರಿಗೆ ಮರೆತುಹೋಗಿದೆ.

ಬೇರೆ ಯಾವ ಸೀಮೆಯವರು ಮರೆತರೂ ಮಾಫಿ ಮಾಡಬಹುದು, ನಮಗಿಲ್ಲ. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದು ಆಯುಧ ಒಪ್ಪಿಸಿರಿ ಎಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಆ ವರ್ಷದ ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಜನ ಗಲ್ಲಿಗೇರಿದರು. ಅದರ ಲಾವಣಿಯನ್ನು ಹತ್ತನೇ ಇಯತ್ತೆಯ ಮಕ್ಕಳು ಪಾಠವಾಗಿ ಓದಿದ್ದಾರೆ. ಊರಿನಿಂದ ಲೂಟಿಯಾದದ್ದರ ಪಟ್ಟಿ ಅದರಲ್ಲಿ ಕೊಡಲಿಯಿಂದ ಬೀಸುವ ಕಲ್ಲಿನವರೆಗೆ ಹೋಗುತ್ತದೆ. ಅಂದರೆ ನಮ್ಮವರ ಕೈಯಿಂದ ಕಬ್ಬಿಣ ಕಸಿಯಲು ಆಗ ಒಂದು ಸಾಮ್ರಾಜ್ಯವೇ ಕುದುರೆ ಏರಿ ಬರಬೇಕಾಯಿತು. ಅವರ ಮರಿಮಕ್ಕಳ ಕಿಸೆಯ ಚಾಕು ಹೋದದ್ದು ಹೇಗೆ? ಯಾವ ದಂಡೂ ಬರಲಿಲ್ಲ, ಒಂದು ಗುಂಡೂ ಹಾರಲಿಲ್ಲ. ಪಾನ್ ಅಂಗಡಿಯ ಮುಂದೆ ಮಾಲೆಯಾಗಿ ತೂಗುಬಿಟ್ಟ ಗುಟ್ಕಾ ಚೀಟಿಗೆ ತಾವಾಗಿಯೇ ಒಪ್ಪಿಸಿ, ಚಿಲ್ಲರೆ ಇಸಿದುಕೊಂಡು ಬಂದರು.

ಚೀಟಿಗಿಂತ ಮೊದಲು ಚಂಚಿ ಇತ್ತು. ದಾರ ಬಿಚ್ಚಿದರೆ ನಾಲ್ಕು ಕಿಸೆಗಳಾಗಿ ತೆರೆದುಕೊಳ್ಳುವ ಬಟ್ಟೆಯ ಚೀಲ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ತಂಬಾಕು, ಒಳಗಿನದರಲ್ಲಿ ಸುಣ್ಣದ ಡಬ್ಬಿ, ಅಡಕೊತ್ತು ಮತ್ತು ಒಂದು ಮಡಚುವ ಚಾಕು. ಕಟ್ಟಿಗೆಯ ಹಿಡಿ, ಹಿತ್ತಾಳೆಯ ಮೊಳೆ. ವರ್ಷಗಟ್ಟಲೆ ಕಲ್ಲಿಗೆ ಮಸೆದು ಮಸೆದು ಅಲಗು ನಡುವೆ ಸೊರಗಿರುತ್ತಿತ್ತು. ಎಲೆಯ ತೊಟ್ಟು ತೆಗೆಯುವುದು ಅದರ ನೆಪ ಮಾತ್ರ. ಕೊರಳಿಗೆ ಬಿಗಿದ ಕಣ್ಣಿ ಕೊಯ್ದು ಎತ್ತನ್ನು ಉಳಿಸುವುದು, ಅಂಗಾಲಿನ ಜಾಲಿಮುಳ್ಳು ಕೆದಕುವುದು, ಕಬ್ಬಿನ ಸಿಪ್ಪೆ ಸುಲಿಯುವುದು, ಮೊಮ್ಮಗನ ಪೆನ್ಸಿಲ್ಲು ಕೆತ್ತುವುದು ಎಲ್ಲ ಅದೇ. ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಉಳ್ಳಾಗಡ್ಡಿಗೆ ಮಾತ್ರ ಅದನ್ನು ತೆಗೆಯುತ್ತಿರಲಿಲ್ಲ. ಉಳ್ಳಾಗಡ್ಡಿಯನ್ನು ಗುದ್ದಿಯೇ ಒಡೆಯಬೇಕೆಂಬುದು ನಮ್ಮ ಕಡೆಯ ಅಲಿಖಿತ ಸಂವಿಧಾನ. ಅಂಥ ಚಂಚಿಯ ಅಜ್ಜ ಗುಡಿಯ ಕಟ್ಟೆಯ ಮೇಲೆ ಚಾಕು ತೆರೆದರೆ ಯಾರೂ ಮಗುವನ್ನು ಹತ್ತಿರ ಎಳೆದುಕೊಳ್ಳುತ್ತಿರಲಿಲ್ಲ. ಮಗು ತಾನೇ ಹತ್ತಿರ ಸರಿಯುತ್ತಿತ್ತು, ಮಾವಿನಕಾಯಿಯ ಹೋಳು ಸಿಗುತ್ತದೆಂದು.

ಚೀಟಿ ಬಂದ ಮೇಲೆ ಅಡಿಕೆ ಕತ್ತರಿಸಿಯೇ ಬಂತು, ಸುಣ್ಣ, ತಂಬಾಕು, ಅತ್ತರು ಬೆರೆಸಿಯೇ ಬಂತು. ಗಿರಾಕಿಗೆ ಉಳಿದದ್ದು ಹರಿಯುವ ಕೆಲಸವೊಂದೇ, ಅದಕ್ಕೆ ಹಲ್ಲು ಪುಕ್ಕಟೆ. 2013ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಗುಟ್ಕಾ ನಿಷೇಧಿಸಿತು. ವ್ಯಾಪಾರಿಗಳು ಅಂದೇ ವ್ಯಾಕರಣ ಕಲಿತು ಸಂಧಿ ಬಿಡಿಸಿದರು: ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಸಂಧಿಕಾರ್ಯ ಗಿರಾಕಿಯ ಬಾಯಲ್ಲಿ. ನಿಷೇಧದ ಒಟ್ಟು ಫಲವೆಂದರೆ ಮೊದಲು ಒಮ್ಮೆ ಹರಿಯುತ್ತಿದ್ದ ಹಲ್ಲು ಈಗ ಎರಡು ಸಲ ಹರಿಯುತ್ತದೆ.

ಹಲ್ಲು ಸೋತ ಕಡೆ ಬೈಕಿನ ಕೀಲಿ. ಬನಹಟ್ಟಿಯಲ್ಲಿ ಮಗ್ಗದ ಮುಂದೆ ನಿಂತ ನೇಕಾರನ ಬೆರಳಸಂದಿಯಲ್ಲಿ ಅರ್ಧ ಬ್ಲೇಡು ಇರುತ್ತದೆ. ತುಂಡಾದ ಎಳೆ ಹುಡುಕಿ, ಗಂಟು ಹಾಕಿ, ಗಂಟಿನ ಬಾಲ ಕತ್ತರಿಸಿ, ಮಗ್ಗ ಮತ್ತೆ ಖಟಖಟ ಎನ್ನುವಷ್ಟರಲ್ಲಿ ನಾವು ಕಣ್ಣು ಮಿಟುಕಿಸಿರುವುದಿಲ್ಲ. ಅದೇ ಸೀರೆ ಬೇಲಾಗಿ ಅಂಗಡಿಗೆ ಬಂದ ಮೇಲಿನ ಗತಿ ನೋಡಿ. ಸಾಹುಕಾರ ಗಲ್ಲೆಯಲ್ಲಿ ಕತ್ತರಿ ಹುಡುಕುತ್ತಾನೆ, ಸಿಗುವುದಿಲ್ಲ. ಕಿಸೆಯಿಂದ ಕೀಲಿ ತೆಗೆದು ಪ್ಲಾಸ್ಟಿಕ್ ಪಟ್ಟಿಯನ್ನು ತಿಕ್ಕುತ್ತಾನೆ. ಪಟ್ಟಿ ಜಗ್ಗುವುದಿಲ್ಲ, ಕೀಲಿ ಜಾರಿ ಹೊದಿಕೆ ಹರಿದು ಒಳಗೆ ನುಗ್ಗುತ್ತದೆ. ಹೊರಗೆ ಎಳೆದಾಗ ಅದರ ಹಲ್ಲಿಗೆ ಮೇಲಿನ ಸೀರೆಯ ಸೆರಗಿನ ಒಂದು ಎಳೆ ಸಿಕ್ಕಿಕೊಂಡು ಬರುತ್ತದೆ. “ಏನಾಗಂಗಿಲ್ಲ ಬಿಡ್ರಿ, ಮಡಚಿದ್ರ ಕಾಣೂದಿಲ್ಲ” ಎಂದು ಸಾಹುಕಾರ ಮಡಚುತ್ತಾನೆ. ಆ ಎಳೆ ಮುಂದೆ ಕಾಣಿಸಿಕೊಳ್ಳುವುದು ನೇಕಾರನ ಕೂಲಿಯ ಲೆಕ್ಕದಲ್ಲಿ, ಮಾಲು ಡ್ಯಾಮೇಜು ಎಂಬ ಹೆಸರಿನಲ್ಲಿ.

ಹಾಗೆಂದು ಚಾಕುಪ್ರಿಯರೇ ಇಲ್ಲವೆಂದಲ್ಲ. ಎರಡು ಪಂಗಡಗಳಿವೆ. ಮೊದಲನೆಯದು ಬರ್ತ್‌ಡೇ ಪಂಗಡ. ಕೇಕು ಅರ್ಧ ಕಿಲೋ, ತಲವಾರು ಮೂರು ಫೂಟು. ಬೇಕರಿಯವನು ಪುಕ್ಕಟೆ ಕೊಟ್ಟ ಪ್ಲಾಸ್ಟಿಕ್ ಚಾಕು ಅಲ್ಲೇ ಬಿದ್ದಿರುತ್ತದೆ. ಅಣ್ಣನ ಘನತೆಗೆ ಅದು ಸಾಲದು. ತಲವಾರು ತಾಗಿ ಕೇಕಿನ ಮೇಲಿನ ಅಣ್ಣನ ಹೆಸರೇ ಎರಡು ಹೋಳಾಗುತ್ತದೆ, ವಿಡಿಯೊ ರಾತ್ರಿಯೇ ರೀಲಾಗುತ್ತದೆ. ಬೆಳಿಗ್ಗೆ ಪೊಲೀಸರಿಗೆ ಪಂಚನಾಮೆಯ ತ್ರಾಸವೂ ಇಲ್ಲ: ಆರೋಪಿಯೇ ಹಾಡು ಹಾಕಿ, ಹೆಸರು, ಊರು ಬರೆದು ಅಪ್‌ಲೋಡ್ ಮಾಡಿರುತ್ತಾನೆ.

ಎರಡನೆಯದು ದೀಪಾವಳಿಗೆ ಬೆಂಗಳೂರಿನಿಂದ ಬರುವ ಅಳಿಯಂದಿರ ಪಂಗಡ. ಇವರ ಕಿಸೆಯಲ್ಲಿ ಸ್ವಿಸ್ ಚಾಕು. ಕಾರ್ಲ್ ಎಲ್ಸೆನರ್ ಎಂಬ ಕಸಬುದಾರ 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಕೊಡಲು ಶುರುಮಾಡಿದ, 1897ರಲ್ಲಿ ಅಧಿಕಾರಿಗಳಿಗೆಂದು ಬಾಟಲಿಯ ಬಿರಡೆ ತೆಗೆಯುವ ತಿರುಪುಮೊಳೆಯನ್ನೂ ಅದಕ್ಕೆ ಸೇರಿಸಿದ ಎಂದು ಅಳಿಯಂದಿರು ವಿವರಿಸುತ್ತಾರೆ. ಆ ತಿರುಪುಮೊಳೆಯಿಂದ ಬೀಳಗಿಯ ಜಾತ್ರೆಯಲ್ಲಿ ಏನು ತೆಗೆಯುವುದೆಂದು ಮಾವನವರು ಕೇಳಿದರೆ ಉತ್ತರವಿಲ್ಲ. ಚಾಕು, ವಾಚು, ಪೆನ್ನು, ಬ್ಯಾಟರಿ ಎಲ್ಲವನ್ನೂ ಕೌದಿಯ ಮೇಲೆ ಒಪ್ಪವಾಗಿ ಜೋಡಿಸಿ ಫೋಟೊ ತೆಗೆದು ಮತ್ತೆ ಡಬ್ಬಿಗೆ ಹಾಕುತ್ತಾರೆ. ತೆಂಗಿನಕಾಯಿಯ ಜುಟ್ಟು ಕೀಳಲು ಅತ್ತೆ ಕೇಳಿದರೆ ಕೊಡುವುದಿಲ್ಲ, ಗೀರು ಬೀಳುತ್ತದಂತೆ. ಇನ್ನೂ ರಸಿಕರಾದವರು ಫ್ರಾನ್ಸಿನ ಒಪಿನೆಲ್ ತರಿಸುತ್ತಾರೆ. 1890ರಲ್ಲಿ ಸವೊಯ್ ಬೆಟ್ಟಸೀಮೆಯ ಕಮ್ಮಾರನೊಬ್ಬನ ಮಗ ಒಕ್ಕಲಿಗರ ಕಿಸೆಗೆಂದು ಮಾಡಿದ ಚಾಕು ಅದು: ಕಟ್ಟಿಗೆಯ ಹಿಡಿ, ಮಡಚುವ ಅಲಗು, ಮುಗಿಯಿತು. ಅಂದರೆ ಅಜ್ಜನ ಚಂಚಿಯಲ್ಲಿದ್ದುದೇ. ಅಲ್ಲಿನ ಕಮ್ಮಾರನ ಮಗ ಮಾಡಿದರೆ ಹೆರಿಟೇಜು, ನಮ್ಮ ಕಮ್ಮಾರ ಮಾಡಿದ್ದು ಗುಜರಿ.

ಇಷ್ಟಾದ ಮೇಲೂ ನಿತ್ಯದ ಕೆಲಸಕ್ಕೆ ಒಂದು ಚಾಕು ಬೇಕೇ ಬೇಕು ಎನ್ನುವ ಹಟವಾದಿಗಳಿಗೆ ನಾಲ್ಕು ಮಾತು. ಅಲಗು ಮೂರಿಂಚು ಸಾಕು. ಇದಕ್ಕಿಂತ ಉದ್ದ ಬೇಕೆನಿಸಿದರೆ ನಿಮಗೆ ಬೇಕಾದದ್ದು ಚಾಕುವಲ್ಲ, ತಾಲ್ಲೂಕು ಪಂಚಾಯಿತಿಯ ಟಿಕೆಟ್ಟು. ಗುಂಡಿ ಒತ್ತಿದರೆ ಚಟ್ಟನೆ ತೆರೆಯುವುದನ್ನು ಮುಟ್ಟಬೇಡಿ. ಅದು ಒಂದು ದಿನ ಕಿಸೆಯೊಳಗೇ ತೆರೆಯುತ್ತದೆ; ಅದಕ್ಕೂ ಮೊದಲು ಠಾಣೆಯಲ್ಲಿ ನಿಮ್ಮ ಹೆಸರಿನ ಫೈಲು ತೆರೆಯುತ್ತದೆ. ತೆರೆದ ಅಲಗಿಗೆ ಗಟ್ಟಿ ಲಾಕ್ ಇರಲಿ, ಇಲ್ಲದಿದ್ದರೆ ತುದಿಯಿಂದ ಒತ್ತಿದಾಗ ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಅಗ್ಗದ ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯುವುದಿಲ್ಲ, ಹರಿತವನ್ನೂ ಹಿಡಿಯುವುದಿಲ್ಲ. ಕಾರ್ಬನ್ ಸ್ಟೀಲು ಲಿಂಬೆರಸಕ್ಕೆ ಕಪ್ಪಾಗುತ್ತದೆ, ಮಳೆಗಾಲದಲ್ಲಿ ತುಕ್ಕು ಹತ್ತುತ್ತದೆ. ಆದರೆ ಒರೆಸಿ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ, ಕಲ್ಲಿಗೆ ನಾಲ್ಕು ಸಲ ಎಳೆದರೆ ಮತ್ತೆ ಹೊಸದು. ಹರಿತದ ಪರೀಕ್ಷೆಗೆ ಮುಂಗೈಯ ಕೂದಲು ಬೋಳಿಸಬೇಡಿ. ಹಣ್ಣಾದ ಟೊಮೆಟೊದ ಸಿಪ್ಪೆ ಒತ್ತದೆ ಬಿಟ್ಟುಕೊಟ್ಟರೆ ಸಾಕು. ಕೈ ಕೊಯ್ಯುವುದು ಹೆಚ್ಚಾಗಿ ಮೊಂಡ ಚಾಕುವೇ, ಏಕೆಂದರೆ ಅದನ್ನು ಬಲ ಹಾಕಿ ಒತ್ತುತ್ತೇವೆ, ಅದು ಜಾರುತ್ತದೆ.

ತರುವುದೆಲ್ಲಿಂದ? ಲಾರಿಯ ಹಳೆಯ ಕಮಾನುಪಟ್ಟಿಯಿಂದ ಕೊಯ್ತಾ, ಕುಡಗೋಲು ಬಡಿಯುವ ಕುಲುಮೆ ಇನ್ನೂ ಅಲ್ಲಲ್ಲಿ ಉಸಿರಾಡುತ್ತಿದೆ. ಅದೇ ಪಟ್ಟಿಯ ಒಂದು ತುಣುಕಿನಲ್ಲಿ ಕಿಸೆಯ ಚಾಕು ಮಾಡಿಕೊಡು ಎಂದು ಕೇಳಿನೋಡಿ. ಕಮ್ಮಾರ ಸುತ್ತಿಗೆ ಕೆಳಗಿಟ್ಟು ಮುಖ ನೋಡುತ್ತಾನೆ. “ಯಾರಿಗೆ ಹಾಕಾಕ್ರಿ?” ಮಾವಿನಹಣ್ಣಿಗೆ ಎಂದರೆ ನಂಬುವುದಿಲ್ಲ. ತಂದ ಮೇಲೂ ಜಾಗ ನೋಡಿ ಇಟ್ಟುಕೊಳ್ಳಿ: ಕೋರ್ಟು, ಮತಗಟ್ಟೆ, ಪರೀಕ್ಷಾ ಕೇಂದ್ರ, ವಿಮಾನದ ಕ್ಯಾಬಿನ್ನು ಅದರ ಜಾಗಗಳಲ್ಲ, ನಿಷೇಧಾಜ್ಞೆಯ ದಿನ ಅದು ಮನೆಯಲ್ಲೇ ಇರಲಿ. ಯಾರಾದರೂ ಕೇಳಿದರೆ ಕೈಗೆ ಕೊಡದೆ ನೆಲಕ್ಕಿಡಿ, ಜಗಳವಾಗುತ್ತದೆಂದು ಹಿರಿಯರು ಹೇಳಿದ ಮಾತು ಬೆರಳಿಗೂ ಕ್ಷೇಮ. ಖಂಡೇನವಮಿಗೆ ತೊಳೆದು ಕುಂಕುಮ ಹಚ್ಚಿ. ಅಂದು ಹೂ ಏರಿಸಿಕೊಂಡು ಕುಳಿತ ಕಾರು, ಕಂಪ್ಯೂಟರುಗಳ ನಡುವೆ ಆಯುಧ ಎನಿಸಿಕೊಳ್ಳಲು ನಿಜವಾದ ಹಕ್ಕಿರುವುದು ಅದಕ್ಕೊಂದಕ್ಕೇ.

ಇಷ್ಟು ಉಸಾಬರಿ ಬೇಡ, ಹಲ್ಲೇ ಸಾಕು ಎನ್ನುವವರೇ ಬಹಳ. ಅಜ್ಜನ ಚಂಚಿಯೂ ಅಮೃತವಾಗಿರಲಿಲ್ಲ. ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನಕ್ಕೆ ಬಂದಿದೆ. ಆದರೆ ಚಂಚಿ ಬಿಚ್ಚಿ, ಅಡಿಕೆ ಕತ್ತರಿಸಿ, ಎಲೆಗೆ ಸುಣ್ಣ ಸವರುವಷ್ಟರಲ್ಲಿ ಅಜ್ಜನ ಅರ್ಧ ಚಟ ತಾನೇ ತಣಿಯುತ್ತಿತ್ತು. ಚೀಟಿಗೆ ಅಷ್ಟು ಪುರುಸೊತ್ತಿಲ್ಲ. ಹರಿದು ಸುರಿದು, ಹರಿದು ಸುರಿದು, ಕೆನ್ನೆಯ ಒಳಗೆಲ್ಲ ನಾರುಗಟ್ಟಿ ಒಂದು ದಿನ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಆಗ ಚೀಟಿ ಹರಿಯಲು ಪಕ್ಕದವನ ಹತ್ತಿರ ಚಾಕು ಕೇಳಬೇಕು, ಅವನ ಕಿಸೆಯಲ್ಲೂ ಇರುವುದಿಲ್ಲ. ಚಾಕು ಸಿಗುವುದು ಹುಬ್ಬಳ್ಳಿಯಲ್ಲಿ, ಆಪರೇಷನ್ ಥಿಯೇಟರಿನ ದೊಡ್ಡ ದೀಪದ ಕೆಳಗೆ. ಅಲಗು ಮೂರಿಂಚಿನ ಒಳಗೆ, ಉತ್ತಮ ಸ್ಟೀಲು, ಹರಿತಕ್ಕೆ ಎರಡು ಮಾತಿಲ್ಲ, ಯಾವ ನಿಷೇಧಾಜ್ಞೆಯೂ ಅದಕ್ಕೆ ಲಾಗೂ ಆಗುವುದಿಲ್ಲ. ಒಳ್ಳೆಯ ಚಾಕುವಿಗೆ ನಾನು ಹೇಳಿದ ಲಕ್ಷಣ ಒಂದೂ ತಪ್ಪಿಲ್ಲ. ಹಿಡಿ ಮಾತ್ರ ಡಾಕ್ಟರರ ಕೈಯಲ್ಲಿರುತ್ತದೆ, ದವಡೆ ನಮ್ಮದು.