ಹಿತ್ತಲ ಟಾರು ಕಾರ್ಖಾನೆಗಳ ಮಾಲೀಕರಿಗೆ

ಶಿವಮೊಗ್ಗ, ಭದ್ರಾವತಿಯ ಸೌದೆ ಬಾಯ್ಲರ್ ಮಾಲೀಕರೇ,

ನಿಮ್ಮ ಉದ್ಯಮಶೀಲತೆಗೆ ಈ ಜಿಲ್ಲೆ ಇನ್ನೂ ಒಂದು ಶಾಲು ಹೊದಿಸಿಲ್ಲವೆಂಬುದು ನಾಚಿಕೆಗೇಡು.

ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಕಾಡು ಬೇಕಾದಷ್ಟು. ಗಾಳಿಯಾಡದಂತೆ ಮುಚ್ಚಿ ಸೌದೆ ಕಾಯಿಸಿದರು, ಕುಲುಮೆಗೆ ಇದ್ದಿಲು ಸಿಕ್ಕಿತು. ಹೊರಟ ಹೊಗೆಯನ್ನು ತಣಿಸಿ ಟಾರು, ಮೆಥನಾಲ್ ಭಟ್ಟಿ ಇಳಿಸಿಕೊಂಡರು. ವಿಶ್ವೇಶ್ವರಯ್ಯನವರೇ ಅಧ್ಯಕ್ಷರಾಗಿ ನಿಂತು ನಡೆಸಿದ ಕಾರ್ಖಾನೆ ಅದು.

ನೀವು ಅದೇ ಟಾರನ್ನು ಸ್ನಾನದ ನೀರು ಕಾಯಿಸುತ್ತಲೇ ಇಳಿಸುತ್ತಿದ್ದೀರಿ! ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುವ ಹಸಿ ಅಕೇಶಿಯಾ ದಿಮ್ಮಿಯನ್ನು ಒಲೆ ಬಿರಿಯುವಂತೆ ತುರುಕಿ, ಬಾಗಿಲು ಜಡಿದು, ಗಾಳಿಕಿಂಡಿ ಮುಚ್ಚಿ ಮಲಗುತ್ತೀರಿ. ಬೆಂಕಿಯ ಕಾವಿನ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಸೌದೆ ಉರಿಯದೆ ಬೆಳಗಿನವರೆಗೂ ಹೊಗೆಯುತ್ತದೆ. ಸುಡದೆ ಉಳಿದ ಟಾರಿನ ಆವಿ ಮೇಲೇರಿ, ಚಳಿಗೆ ತಣ್ಣಗಾದ ತಗಡಿನ ಕೊಳವೆಗೆ ತಾಗಿ ಅಲ್ಲೇ ಮೆತ್ತಿಕೊಳ್ಳುತ್ತದೆ. ಹೊಗೆಯ ಬಿಸಿ ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಉತ್ಪಾದನೆ ಇನ್ನೂ ಜೋರು. ಕ್ರಿಯೋಸೋಟ್ ಎಂಬ ಆ ಮಾಲು ನಿಮ್ಮ ಸುಣ್ಣದ ಗೋಡೆಯ ಮೇಲೂ ಕಪ್ಪಗೆ ಇಳಿದಿದೆ, ನೋಡಿ ಹೆಮ್ಮೆಪಡಿ.

ಈ ಉದ್ಯಮವನ್ನು ಮುಳುಗಿಸಲು ಹೊಂಚು ಹಾಕಿದವರಿದ್ದಾರೆ, ಎಚ್ಚರ. ಮೊದಲ ಶತ್ರುಗಳು ಮಲೆನಾಡಿನ ಅಜ್ಜಿಯರು. ಶಿವರಾತ್ರಿಗೆ ಮುಂಚೆಯೇ ಸೌದೆಯನ್ನು ತೆಳ್ಳಗೆ ಸೀಳಿಸಿ, ಬೇಸಿಗೆಯಿಡೀ ಬಿಸಿಲಿಗೆ ಹಾಕಿಸಿ, ಮೃಗಶಿರ ಮಳೆ ಹಿಡಿಯುವ ಮೊದಲು ಕೊಟ್ಟಿಗೆಯಲ್ಲಿ ಒಟ್ಟಿಸುತ್ತಿದ್ದರು. ಎರಡು ಸೀಳು ತಟ್ಟಿದರೆ ಠಣ್ಣೆನ್ನಬೇಕು. ದಬ್ ಎಂದರೆ ಆ ವರ್ಷ ಅದು ಒಲೆಗಿಲ್ಲ. ಸ್ವಲ್ಪ ಸ್ವಲ್ಪವೇ ಒಡ್ಡಿ, ಉರಿ ಧಗಧಗ ಇರುವಂತೆ ನೋಡಿಕೊಳ್ಳುತ್ತಿದ್ದರು. ಒಲೆ ನಕ್ಕರೆ ನೆಂಟರು ಬರುತ್ತಾರೆ ಎನ್ನುತ್ತಿದ್ದರಲ್ಲ, ನಿಮ್ಮ ಒಲೆ ನಗುವುದೇ ಇಲ್ಲ. ಆ ಮಟ್ಟಿಗೆ ಕಾಫಿಪುಡಿ ಉಳಿತಾಯ, ಒಪ್ಪುತ್ತೇನೆ.

ಇನ್ನು ಕೆಲವರು ಆಧುನಿಕ ವಿಧ್ವಂಸಕರು. ಕೊಳವೆಗೆ ಶಾಖ ಹೋಗದಂತೆ ಹೊದಿಕೆ ಸುತ್ತಿ ಅಂತಾರೆ. ಒಲೆ ಆರಿದ ಮೇಲೆ ತಿಂಗಳಿಗೊಮ್ಮೆ ತಂತಿ ಬ್ರಷ್ ಹಾಕಿ ಕೆರೆಯಿರಿ ಅಂತಾರೆ. ಬೂದಿ ತೆಗೆಯಿರಿ, ಗಾಳಿಕಿಂಡಿ ತೆರೆದಿಡಿ, ಮನೆಗೆ ಬೇಕಾದಷ್ಟೇ ದೊಡ್ಡ ಬಾಯ್ಲರ್ ಇಡಿ ಅಂತಾರೆ. ಕೇಳಿದಿರೋ, ಅರ್ಧ ಸೌದೆಯಲ್ಲೇ ನೀರು ಕಾದುಬಿಟ್ಟೀತು!

2023ರಲ್ಲಿ ಭದ್ರಾವತಿಯ ಕಾರ್ಖಾನೆ ಮುಚ್ಚುವ ಮಾತು ಬಂದಾಗ ಕಾರ್ಮಿಕರು ಬೀದಿಗಿಳಿದರು. ನಿಮ್ಮ ಕಾರ್ಖಾನೆ ಮುಚ್ಚಲು ದಿಲ್ಲಿಯ ಅಪ್ಪಣೆ ಬೇಡ. ದಾಸ್ತಾನು ಬೆರಳು ದಪ್ಪ ಬೆಳೆದ ಮೇಲೆ ಒಂದು ಕಿಡಿ ಸಾಕು, ಕೊಳವೆ ತಾನೇ ಹೊತ್ತಿಕೊಂಡು ಗುಡುಗುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ಹೇಳಿಕಳಿಸಿ. ನಮ್ಮ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದೇವೆ.

ಇಂತಿ,
ನಿಮ್ಮ ಹೊಗೆಯ ಖಾಯಂ ಫಲಾನುಭವಿ,
ಪಕ್ಕದ ಕಾಂಪೌಂಡಿನವ