ಜಾಣ್ಮೆಯ ಆಟ

(ದಾವಣಗೆರೆಯ ಮಂಡಕ್ಕಿ ಅಂಗಡಿ. ಹರಿಹರದಿಂದ ಬಂದ ಮಾವ, ರೇಸಿನ ಹುಚ್ಚಿನ ಅಳಿಯ. ನಡುವೆ ಒಂದು ತಟ್ಟೆ ಮಿರ್ಚಿ.)

ಮಾವ: ಅಳಿಯಂದ್ರೆ, ಭತ್ತ ಮಾರಿದ ದುಡ್ಡೆಲ್ಲಿ?

ಅಳಿಯ: ಬೆಂಗಳೂರಾಗ ಓಡ್ತೈತಿ, ಮಾವಾ.

ಮಾವ: ಜೂಜಾಡಿದ್ರಾ?

ಅಳಿಯ: ಛೇ! ಕುದುರೆ ಪಂದ್ಯ ಜಾಣ್ಮೆಯ ಆಟ ಅಂತ 1996ರಾಗ ಸುಪ್ರೀಂ ಕೋರ್ಟೇ ಹೇಳೈತಿ.

ಮಾವ: ಜಾಣ್ಮೆ ಯಾರದು?

ಅಳಿಯ: ಕುದುರೀದು, ಜಾಕೀದು.

ಮಾವ: ದುಡ್ಡು ಮಾತ್ರ ನಿಮ್ದು! ಕುದುರೀಗೆ ಚಾಟೀಲಿ ಹೊಡೀತಾರಂತಲ್ಲ?

ಅಳಿಯ: ಮೆತ್ತನೆ ಚಾಟಿ, ಗಾಳಿ ತುಂಬಿರ್ತೈತಿ.

ಮಾವ: ಎತ್ತಿನಗಾಡಿ ಓಟಕ್ಕ ನಾವು 2023ರ ಮೇ ತನಕ ಕೋರ್ಟಿನ ತೀರ್ಪು ಕಾದ್ವಿ. ನಮ್ಮ ಬಾರುಕೋಲು ಹಿಂಸೆ, ನಿಮ್ಮ ಚಾಟಿ ದಿಂಬು!

ಅಳಿಯ: ಸರ್ಕಾರಕ್ಕೂ ಆದಾಯ ಐತಿ. ಪಣಕ್ಕ 2023ರಾಗ 28 ಪರ್ಸೆಂಟ್ ಜಿಎಸ್‌ಟಿ, 2025ರಾಗ 40.

ಮಾವ: ಹಂಗಾದ್ರ ಯಾವ ಕುದುರೆ ಗೆದ್ರೂ ಖಜಾನೇನೇ ಫಸ್ಟು. ರೇಸ್‌ಕೋರ್ಸ್ ಜಾಗದ ಗುತ್ತಿಗೆ 2009ರಾಗೇ ಮುಗದೈತಂತಲ್ಲ?

ಅಳಿಯ: ರೇಸ್ ನಡೆಸೋ ಕ್ಲಬ್ಬು ಊರ ಹೊರಗ ಹೋಗ್ಬೇಕಂತ ಮಾತು ನಡದೈತಿ.

ಮಾವ: ಕುದುರೆ ಎರಡು ನಿಮಿಷದಾಗ ಓಟ ಮುಗಿಸ್ತೈತಿ, ಕ್ಲಬ್ಬಿನ ಕಾಲೇ ಏಳವಲ್ದು! ಕಾಲು ಮುರದ ಕುದುರೀಗೇನು ಗತಿ?

ಅಳಿಯ: ವಾಸಿ ಆಗಲ್ಲಂದ್ರ... ಸೂಜಿ ಚುಚ್ತಾರ.

ಮಾವ: ಪಾಪ! ಸೋತ ಅಳಿಯಗ ಮಾವನ ಮನಿ ಐತಿ, ಕುದುರೀಗೆ ಅದೂ ಇಲ್ಲ. ಮಿರ್ಚಿ ದುಡ್ಡು ನಾನೇ ಕೊಡ್ತೀನಿ, ಏಳ್ರಿ.