ಅರಿವೆಯ ಅಪರಿಗ್ರಹ

ಅಪರಿಗ್ರಹವನ್ನು ಉಪದೇಶಿಸಿದ ಮಹನೀಯರು ಧನ, ಧಾನ್ಯ, ಕ್ಷೇತ್ರ, ಪಶು ಮೊದಲಾದವುಗಳನ್ನು ಕುರಿತು ಬಹು ವಿಸ್ತಾರವಾಗಿ ಹೇಳಿದ್ದಾರೆಂಬುದು ನಿಜವೇ. ಆದರೆ ಕೌದಿ ಹೊಲಿಯುವವಳು ಯಜಮಾನಿಯಾಗಿರುವ ಮನೆಯಲ್ಲಿ ಅಟ್ಟದ ಮೇಲೂ ಮಂಚದ ಅಡಿಯಲ್ಲಿಯೂ ಕದದ ಹಿಂದೆಯೂ ಗಂಟುಗಂಟಾಗಿ ನೆಲೆಗೊಂಡು, ವರ್ಷವರ್ಷಕ್ಕೂ ಅಭಿವೃದ್ಧಿಯನ್ನೇ ಹೊಂದುತ್ತಿರುವ ಹಳೆಯ ಅರಿವೆಗಳ ವಿಷಯದಲ್ಲಿ ಗೃಹಸ್ಥನಾದವನು ಹೇಗೆ ನಡೆದುಕೊಳ್ಳತಕ್ಕದ್ದೆಂಬುದನ್ನು ಅವರಲ್ಲಿ ಒಬ್ಬರಾದರೂ ತಿಳಿಸಿದುದನ್ನು ನಾನು ಕಾಣೆ. ಅವರೆಲ್ಲರೂ ಮನೆ ಬಿಟ್ಟು ಹೋದಮೇಲೆಯೇ ಉಪದೇಶಕ್ಕೆ ತೊಡಗಿದ್ದು ಪ್ರಾಯಶಃ ಇದಕ್ಕೆ ಕಾರಣವಿರಬೇಕು.

ಅಂಚೆಚೀಟಿಯನ್ನೋ ಹಳೆಯ ನಾಣ್ಯವನ್ನೋ ಕೂಡಿಹಾಕುವವನಿಗೆ ‘ಸಾಕು, ಬಿಡಪ್ಪಾ’ ಎಂದು ಬುದ್ಧಿ ಹೇಳಬಹುದು. ಕೌದಿಯವರಿಗೆ ಹಾಗೆ ಹೇಳಬರುವಂತಿಲ್ಲ. ಉಟ್ಟು ಸವೆದ ಸೀರೆ, ಹರಿದ ಧೋತರ, ಮಗುವಿಗೆ ಗಿಡ್ಡವಾದ ಅಂಗಿ, ಇವುಗಳನ್ನು ಬಿಸಾಡಲೊಲ್ಲದ ಮನಸ್ಸಿನಿಂದಲೇ ಆ ಕಲೆಯು ಹುಟ್ಟಿದೆಯಾದ್ದರಿಂದ, ಕೌದಿ ಹೊಲಿಯುವವಳಿಗೆ ಚಿಂದಿ ಇಟ್ಟುಕೊಳ್ಳಬೇಡವೆನ್ನುವುದು ಕುಂಬಾರನಿಗೆ ಮಣ್ಣು ಮುಟ್ಟಬೇಡವೆಂದಂತೆ. ಹೀಗೆ ಸಿದ್ಧಾಂತವು ಸಂಪೂರ್ಣವಾಗಿ ನನ್ನ ಸಹಧರ್ಮಿಣಿಯ ಪಕ್ಷದಲ್ಲಿರುವುದರಿಂದ ನಾನು ಬಹುಕಾಲ ಮೌನವನ್ನೇ ಅವಲಂಬಿಸಿದ್ದೆನು.

ನಮ್ಮ ಧಾರವಾಡದ ಕಡೆ ಮಹಾನವಮಿಗೆ ಘಟ ಹಾಕುವ ಮೊದಲು ಮನೆಯನ್ನೆಲ್ಲ ಗುಡಿಸಿ ಸಾರಿಸಿ, ಹಾಸಿಗೆ ಹೊದಿಕೆಗಳನ್ನೆಲ್ಲ ತೊಳೆಯುವ ಪದ್ಧತಿಯುಂಟು. ನೆನೆದ ಕೌದಿಯನ್ನು ಹಿಂಡುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಎರಡು ತುದಿಗೆ ಇಬ್ಬರು ನಿಂತು ತಿರುಚಬೇಕು. ದಾಂಪತ್ಯದಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಿದರೂ ಸತ್ಫಲ ದೊರೆಯುವ ಏಕೈಕ ಸಂದರ್ಭವೆಂದರೆ ಇದೇ. ಆ ಸೌಹಾರ್ದದ ಗಳಿಗೆಯನ್ನು ನೋಡಿಕೊಂಡು, ಗಂಟುಗಳನ್ನೂ ಒಂದಿಷ್ಟು ಒಪ್ಪಮಾಡೋಣವೇ ಎಂದು ನಾನು ಕೇಳಿದೆನು. ‘ಮಾಡ್ರಿ, ಯಾರು ಬ್ಯಾಡಂತಾರ?’ ಎಂಬ ಅನುಮತಿಯು ಅಷ್ಟು ಸುಲಭವಾಗಿ ಬಂದದ್ದರಿಂದಲೇ ನನಗೆ ಸಂಶಯವುಂಟಾಯಿತು.

ನನ್ನ ಕ್ರಮ ಶಾಸ್ತ್ರೀಯವಾದುದು. ಪ್ರತಿಯೊಂದು ಅರಿವೆಯಿಂದ ಒಂದೆಳೆ ತೆಗೆದು ದೀಪಕ್ಕೆ ಹಿಡಿದರೆ ಅದರ ಕುಲಗೋತ್ರಗಳು ತಾವಾಗಿ ತಿಳಿಯುತ್ತವೆ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿ ಉಳಿಯುತ್ತದೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿಯಾದ ಮಣಿಯಾಗಿಬಿಡುತ್ತದೆ. ದೀಪವನ್ನು ಮುಂದಿಟ್ಟುಕೊಂಡು ನಾನು ಪದ್ಮಾಸನದಲ್ಲಿ ಕುಳಿತುದನ್ನು ಕಂಡು ನನ್ನಾಕೆ, ‘ಅಲ್ರೀ, ಅರಿವಿ ಒಪ್ಪ ಮಾಡ್ರಿ ಅಂದ್ರ ಹೋಮಾನ ಸುರು ಮಾಡೀರಲ್ಲ!’ ಎಂದಳು.

ಆಕೆಯ ವರ್ಗೀಕರಣವೇ ಬೇರೆ. ಆಕೆಗೆ ಎಳೆಯ ವಿಚಾರ ಬೇಕಿಲ್ಲ, ವಂಶಾವಳಿ ಬೇಕು. ‘ಇದು ನಮ್ಮವ್ವನ ಪತ್ತಲ. ಇದು ನಿಮ್ಮ ಅಪ್ಪಾರ ಧೋತರ. ಇದು ತಂಗಿ ಲಗ್ನದಾಗ ಕಿಡಿ ಹಾರಿ ಸುಟ್ಟದ್ದು.’ ಹತ್ತಿಯ ರಾಶಿಗೆ ನಾನು ಹಾಕಿದ್ದನ್ನು ಆಕೆ ತವರುಮನೆಯ ರಾಶಿಗೆ ವರ್ಗಾಯಿಸುವಳು. ಇದರ ನಡುವೆ ಇಳಕಲ್ಲ ಸೀರೆಯು ನನ್ನ ಶಾಸ್ತ್ರವನ್ನೇ ಕೆಡಿಸಿತು. ಏಕೆಂದರೆ ಅದರ ಒಡಲು ಹತ್ತಿ, ಟೋಪ ತೆನಿ ಸೆರಗು ರೇಷ್ಮೆ. ಒಡಲಿನ ಹಾಸೆಳೆಗಳನ್ನೂ ಸೆರಗಿನ ಹಾಸೆಳೆಗಳನ್ನೂ ನೇಕಾರರು ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಅವರು ಕೂಡಿಸಿದ್ದನ್ನು ಯಾವ ರಾಶಿಗೆ ಹಾಕಲಿ? ‘ಇದನ್ನ ಕೌದಿ ನಡುವ ಹಾಕಬೇಕಂತ ಇಟ್ಟೀನಿ’ ಎಂದಳು. ಯಾವಾಗ ಎಂದೆನು. ‘ಅದಕ್ಕ ತಕ್ಕ ಅಂಚು ಸಿಗಬೇಕಲ್ರೀ!’ ಅಂಚು ಸಿಗುವವರೆಗೆ ಅದನ್ನು ಕಾಯುವುದೇ ಟ್ರಂಕಿನ ಕರ್ತವ್ಯವೆಂದು ತೀರ್ಮಾನವಾಯಿತು.

ಆದರೆ ನಿಜವಾದ ಕಂಟಕಗಳು ಹಳೆಯ ಅರಿವೆಗಳಲ್ಲವೆಂಬುದು ಗಂಟು ಬಿಚ್ಚಿದ ಹಾಗೆಲ್ಲ ಸ್ಪಷ್ಟವಾಗುತ್ತ ಬಂದಿತು. ಸಾವಿರ ಸಲ ಒಗೆಸಿಕೊಂಡು ಮೆದುವಾದ ಹತ್ತಿಯ ಸೀರೆಯಂಥ ವಿನಯಶೀಲ ವಸ್ತು ಲೋಕದಲ್ಲಿ ಮತ್ತೊಂದಿಲ್ಲ. ಮಡಚಿದಲ್ಲಿ ಮಡಚಿಕೊಳ್ಳುತ್ತದೆ, ಸೂಜಿಗೆ ದಾರಿ ಬಿಡುತ್ತದೆ. ಕಂಟಕವೆಂದರೆ ಜಂಪರ ಪೀಸು. ಗುಳೇದಗುಡ್ಡದ ಅಸಲು ಖಣವನ್ನು ಕುರಿತು ನಾನು ಹೇಳುತ್ತಿಲ್ಲ; ಅದು ಕೌದಿಯ ಅಂಚಿಗೆ ಭೂಷಣಪ್ರಾಯವಾದದ್ದು. ಅರಿಶಿನ ಕುಂಕುಮದೊಡನೆ ಉಡಿಗೆ ಬಂದು ಬೀಳುವ, ಹೊಲಿಸಿದರೆ ಯಾರ ಮೈಗೂ ಸಾಲದ, ನಯವಾದ ಆ ನೈಲಾನು ತುಂಡನ್ನು ಕುರಿತು ಹೇಳುತ್ತಿದ್ದೇನೆ. ಅದನ್ನು ಕೊಂಡವರು ಉಡುವುದಿಲ್ಲ, ಪಡೆದವರು ಬಿಚ್ಚುವುದಿಲ್ಲ. ಶ್ರಾವಣದಲ್ಲಿ ನಮ್ಮ ಮನೆಯಿಂದ ಹೊರಟದ್ದು ಓಣಿಯ ಮುತ್ತೈದೆಯರೆಲ್ಲರ ಉಡಿಗಳಲ್ಲಿ ತೀರ್ಥಯಾತ್ರೆ ಮಾಡಿ, ಮಡಿಕೆ ಕೆಡದೆ, ದೀಪಾವಳಿಯ ಹೊತ್ತಿಗೆ ನಮ್ಮಲ್ಲಿಗೇ ಬಿಜಯಂಗೈಯುತ್ತದೆ. ಕೌದಿಗೆ ಹಾಕಿದರೆ ಜಾರುತ್ತದೆ, ಬೆವರನ್ನು ಹೀರದು. ನೆಲ ಒರಸಲು ಹೋದರೆ ನೀರನ್ನು ಕುಡಿಯದೆ ಅತ್ತಿಂದಿತ್ತ ಓಡಿಸುತ್ತದೆ. ಮಂಗಳದ್ರವ್ಯವಾದುದರಿಂದ ಎಸೆಯಲೂ ಕೂಡದು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸೀಮೆಯಲ್ಲಿ, ಆಫ್ರಿಕಾ ಮೂಲದವರಾದ ಸಿದ್ದಿ ಜನರ ಹೆಂಗಸರು ಹೊಲಿಯುವ ಕವಂದಿಯನ್ನು ನೋಡಿದವರಿಗೆ ಈ ಸಂಕಟವೆಲ್ಲ ಹಾಸ್ಯಾಸ್ಪದವಾಗಿ ತೋರಬಹುದು. ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನ ಕಡೆಗೆ ಬರುತ್ತ, ಕೈಗೆ ಬಂದ ಚೂರನ್ನು ಅಲ್ಲಿಯೇ ಸೇರಿಸುತ್ತ ಹೋಗುತ್ತಾರೆ; ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ‘ಫುಲಾ’ ಇಟ್ಟಲ್ಲದೆ ಮುಗಿಯಿತೆನ್ನುವುದಿಲ್ಲ. ತಕ್ಕ ಅಂಚಿಗಾಗಿ ಕಾಯುವುದಕ್ಕಿಂತ ಇದು ಮೇಲಲ್ಲವೇ ಎಂದು ನಾನು ಸೂಚಿಸಿದಾಗ ಸಹಧರ್ಮಿಣಿಯು, ಹಾಗಾದರೆ ನಾನು ಈಗ ತೊಟ್ಟಿರುವ ಅಂಗಿಯಿಂದಲೇ ಪ್ರಾರಂಭಿಸಲು ಅಡ್ಡಿಯಿಲ್ಲವೆಂದಳು. ಆ ಚರ್ಚೆ ಅಲ್ಲಿಗೆ ನಿಂತಿತು.

ಅಂತೂ ಕೆಲವು ಸುಧಾರಣೆಗಳು ಜಾರಿಗೆ ಬಂದವು. ಬೆಳ್ಳಿಮೀನೆಂದು ಕರೆಯುವ ಹುಳಕ್ಕೆ ಗಂಜಿಯೆಂದರೆ ಪಂಚಪ್ರಾಣವಾದ್ದರಿಂದ, ಗಂಜಿ ಹಾಕಿದ ಧೋತರಗಳನ್ನೆಲ್ಲ ಒಗೆದು ಒಣಗಿಸಿ ಇಟ್ಟೆವು. ಹೊಸ ಕೆಂಪು ಅರಿವೆಗಳನ್ನು ಒದ್ದೆಯ ಬಿಳಿ ಚಿಂದಿಯಿಂದ ಉಜ್ಜಿ, ಬಣ್ಣ ಬಿಡುವಂಥವುಗಳನ್ನು ಬೇರೆ ಗಂಟಿಗೆ ಗಡೀಪಾರು ಮಾಡಿದೆವು. ಟೆರಿಕಾಟ್ ಪ್ಯಾಂಟುಗಳನ್ನು, ಹಳೆಯ ಅರಿವೆ ತೆಗೆದುಕೊಂಡು ಭಾಂಡೆ ಕೊಡುವಾಕೆ ಬಂದಾಗ ಕೊಟ್ಟೆವು. ಬಹಳ ಚೌಕಾಶಿಯ ತರುವಾಯ ಅವಳು ಒಂದು ಸ್ಟೀಲಿನ ಡಬ್ಬಿಯನ್ನು ಕರುಣಿಸಿದಳು. ಆ ಡಬ್ಬಿಯಲ್ಲಿ ಈಗ, ಅಂಗೈಗಿಂತ ಚಿಕ್ಕವಾದುದರಿಂದ ಇದುವರೆಗೆ ಎಲ್ಲಿಡಬೇಕೆಂದು ತೋಚದೆ ಇದ್ದ ಚೂರುಗಳು ವಾಸವಾಗಿವೆ.

ಗಂಟುಗಳ ಸಂಖ್ಯೆ ಕಡಿಮೆಯಾಗಿದೆಯೆಂದು ನಾನು ಹೇಳಲಾರೆ. ಅವುಗಳ ಮೇಲೆ ಚೀಟಿಗಳು ಬಂದಿವೆ. ಕೌದಿಯ ಒಳಪದರಿಗೆ ಮೆತ್ತನೆಯ ಬಿಳಿಯ ಅರಿವೆ ಸಾಲದೆಂಬುದು ಮಾತ್ರ ಈ ಪರಿಶೋಧನೆಯಿಂದ ಹೊರಬಿದ್ದಿತು. ಆದಕಾರಣ ವಾಚಕಮಹಾಶಯರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಹತ್ತಿಯ ಧೋತರಗಳಿದ್ದರೆ, ಗಂಜಿ ತೆಗೆದು, ಬಿಸಿಲಿಗೆ ಒಣಗಿಸಿ ಕಳುಹಿಸಿಕೊಟ್ಟಲ್ಲಿ ಉಪಕೃತರಾಗುವೆವು. ಜಂಪರ ಪೀಸುಗಳನ್ನು ದಯವಿಟ್ಟು ಕಳುಹಿಸಬೇಡಿರಿ. ಧೋತರ ತಂದವರ ಉಡಿಗೆ ಹಾಕಲು ನಮ್ಮಲ್ಲಿ ಬೇಕಾದಷ್ಟಿವೆ.